ಬಾರಿಸದ ಗಂಟೆ

ಶಾಲೆ ತುಂಬಿ ತುಳುಕುತ್ತಿತ್ತು. ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಹೋಗಬೇಕೆಂದು ಊರಿನ ನಕ್ಷೆಯಲ್ಲಿ ಗೆರೆಗಳನ್ನು ಹೊಸದಾಗಿ ಎಳೆಯಲು ಸಭೆ ಕರೆದಿದ್ದರು. ಮಾತಾಡಲು ಒಬ್ಬೊಬ್ಬರಿಗೆ ಎರಡೇ ನಿಮಿಷ, ಆಮೇಲೆ ಗಂಟೆ. ರಸ್ತೆ ದಾಟಿದರೆ ನನ್ನ ಮಗಳು ಟಿಲ್ಡಾಳ ಶಾಲೆ. ನಾನು ಕತ್ತಲಿರುವಾಗಲೇ ಬೇಕರಿಗೆ ಹೋಗುವವಳು, ದೂರದ ಶಾಲೆಯ ಬಸ್ಸಿಗೆ ಅವಳನ್ನು ಹತ್ತಿಸುವವರು ಯಾರು ಎಂದು ಕೇಳುತ್ತಲೇ ಇದ್ದೆ. ಸಮಯ ಮುಗಿದರೂ ಶಾಲಾ ಸಮಿತಿಯವನು ಗಂಟೆ ಬಾರಿಸಲಿಲ್ಲ. ಅದರ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದ.

ಆಮೇಲೆ ಕಾರಿನ ಹತ್ತಿರ ಸಿಕ್ಕ. "ಗಂಟೆ ಕೆಟ್ಟಿತ್ತಾ?" ಎಂದೆ.

"ಗಂಟೆ ಸರಿಯಾಗೇ ಇತ್ತು. ನೀವು ಮಾತು ನಿಲ್ಲಿಸೋದು ನಂಗೆ ಬೇಕಿರ್ಲಿಲ್ಲ" ಎಂದ ವೆಂಡೆಲ್.

ಅಷ್ಟಕ್ಕೇ ಕರಗಿಬಿಟ್ಟೆ. ಬೇಕರಿಯವಳಲ್ಲವೇ, ಬೆಣ್ಣೆಯ ಸಹವಾಸ.

ನಮ್ಮ ಅಪಾರ್ಟ್‌ಮೆಂಟಿನವರು ಸಭೆಗೆ ಕಿತ್ತಳೆ ಬಣ್ಣದ ಟೀ ಶರ್ಟ್ ಹಾಕಿಕೊಂಡು ಹೋಗುತ್ತಿದ್ದೆವು, ಶಾಲೆಯ ಹಿಂದಿನ ಸ್ವಂತ ಮನೆಗಳವರು ಹಸಿರು. ಶಾಲೆ ತಮ್ಮ ಮಕ್ಕಳಿಗೇ ಉಳಿಯಲಿ ಎಂದು ಎರಡೂ ಕಡೆಯವರ ಹಟ. ವೆಂಡೆಲನ ಮನೆ ಹಸಿರಿನವರ ನಡುವೆ. ನಮ್ಮಿಬ್ಬರ ವಿಷಯ ಗೊತ್ತಾದರೆ ಪಕ್ಷಪಾತ ಅಂತಾರೆ, ಸದ್ಯಕ್ಕೆ ಗುಟ್ಟಾಗಿರಲಿ ಎಂದ. ಸಭೆಯಲ್ಲಿ ನನ್ನ ಕಡೆ ತಿರುಗದೆ ಗಂಟೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ಸವರುತ್ತಿದ್ದ. ಅದು ನನಗೆ ಸನ್ನೆ, ಕೂತಲ್ಲೇ ಕೆಂಪಾಗುತ್ತಿದ್ದೆ. ಆದರೆ ನಿನ್ನ ಮನೆಗೆ ಯಾವಾಗ ಕರೆಯುತ್ತೀ ಎಂದು ಕೇಳಿದಾಗಲೆಲ್ಲ ನಕ್ಕು ಮಾತು ಹಾರಿಸುತ್ತಿದ್ದ.

ಮಾರ್ಚಿನಲ್ಲಿ ಮತಕ್ಕೆ ಹಾಕಿದರು. ಹೊಸ ಗೆರೆ ನಮ್ಮ ಬೀದಿಯ ನಟ್ಟನಡುವೆ. ಶಾಲೆ ಆಚೆ, ನಾವು ಈಚೆ. ಸಮಿತಿ ಸರಿಯಾಗಿ ಎರಡು ಪಾಲಾಯಿತು. ಉಳಿದದ್ದು ವೆಂಡೆಲ್ ಒಬ್ಬನೇ. ನನ್ನತ್ತ ನೋಡದೆ ಆ ಗೆರೆಗೇ ಕೈಯೆತ್ತಿದ.

ಮರುದಿನ ಬೇಕರಿಗೆ ಬಂದ, ಉಂಗುರ ಹಿಡಿದುಕೊಂಡು.

"ಮದ್ವೆ ಆಗೋಣ ಮಾರ್ಲೀನ್. ಇಬ್ರೂ ನಮ್ಮನೆಗೆ ಬಂದ್ಬಿಡಿ. ವಿಳಾಸ ಬದಲಾದ್ರೆ ಟಿಲ್ಡಾ ಅದೇ ಶಾಲೇಲಿ ಇರ್ತಾಳೆ."

ಚಳಿಗಾಲವಿಡೀ ಇದೇ ಮಾತಿಗೆ ಬಾಯಿಬಿಟ್ಟುಕೊಂಡು ಕಾದಿದ್ದೆ. ಬಂತು, ಹಳಸಿ ಬಂತು.

"ಯಾಕೆ ಕೈಯೆತ್ತಿದೆ?"

"ದಿನಾ ಅಕ್ಕಪಕ್ಕದವ್ರ ಮುಖ ನೋಡ್ಬೇಕಲ್ವಾ ನಾನು? ನಿನಗೆ ಹೇಗೂ ನಾನಿದೀನಲ್ಲ ಅಂದ್ಕೊಂಡೆ."

"ನಮ್ಮ ಕಟ್ಟಡದ ಉಳಿದ ಮಕ್ಕಳಿಗೆ? ಅವರ ಅಮ್ಮಂದಿರನ್ನೂ ಮದ್ವೆ ಆಗ್ತೀಯಾ?"

ಅವನು ತಲೆ ತಗ್ಗಿಸಿದ. ಆ ತಗ್ಗಿಸಿದ ತಲೆಯ ಮೇಲೂ ನನಗೆ ಪ್ರೀತಿಯಿತ್ತು, ಅದೇ ಸಂಕಟ.

"ಗೆರೆ ಎಳೆಯೋಕೆ ಮುಂಚೆ ಕರೆದಿದ್ರೆ ಓಡಿ ಬರ್ತಿದ್ದೆ ಕಣೋ" ಎಂದೆ.

ಕೌಂಟರಿನ ಮೇಲೆ ಗಿರಾಕಿಗಳು ಬಾರಿಸುವ ಗಂಟೆಯಿತ್ತು. ನಾನೇ ಬಾರಿಸಿದೆ.

"ಎರಡು ನಿಮಿಷ ಆಯ್ತು, ವೆಂಡೆಲ್."

ಉಂಗುರ ಜೇಬಿಗೆ ಹಾಕಿಕೊಂಡು ಹೋದ. ನಾನು ಒಳಗೆ ಹೋಗಿ ಹಿಟ್ಟು ನಾದುತ್ತಾ ಅತ್ತೆ.