ಬೂಟು ರೆಡಿ, ಬನ್ನಿ!

“ಅಮ್ಮಾ, ಬೇಗ ಜಡೆ ಹಾಕು! ಕೆಳಗೆ ಟೇಬಲ್ ಜೋಡಿಸಿ ಆಯ್ತು!”

“ನೀನು ಒಂದು ಕಡೆ ನಿಂತರೆ ತಾನೇ ಹಾಕೋದು? ನೆಟ್ಟಗೆ ನಿಂತ್ಕೋ ಪಟಾಕಿ!” ಅಮ್ಮ ಬಾಚಣಿಗೆಯಿಂದ ಮೆಲ್ಲಗೆ ಮೊಟಕಿದಳು.

ನಿಲ್ಲೋದು ಹೇಗೆ? ಅಮ್ಮನಿಗೆ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ, ಇಬ್ಬರೂ ಈ ದೇಶಕ್ಕೆ ಬಂದು ಆರು ತಿಂಗಳಾಗಿತ್ತು. ಇವತ್ತು ಇಲ್ಲಿಯವರ ದೊಡ್ಡ ಹಬ್ಬ. ಕಟ್ಟಡದವರೆಲ್ಲ ಅಂಗಳದಲ್ಲಿ ಒಟ್ಟಿಗೆ ಊಟ ಮಾಡುತ್ತಾರೆ. ಮನೆಮನೆಗೆ ಹೋಗಿ ಎಲ್ಲರನ್ನೂ ಕರೆಯೋದು ಕಟ್ಟಡದ ಅತಿ ಚಿಕ್ಕ ಮಗುವಿನ ಕೆಲಸ. ಈ ವರ್ಷ ಆ ಮಗು ಪಟಾಕಿಯೇ!

ಕೆಳಮನೆಯ ಬೇಕರಿ ಅಜ್ಜಿ ತಮ್ಮ ಭಾಷೆಯಲ್ಲಿ ಒಂದೇ ಒಂದು ವಾಕ್ಯ ಕಲಿಸಿದ್ದರು: ‘ಊಟ ರೆಡಿ, ಬನ್ನಿ.’ ಇನ್ನೊಂದು ಮಾತನ್ನೂ ಹೇಳಿದ್ದರು. ಅದನ್ನು ಅಮ್ಮ ಕನ್ನಡದಲ್ಲಿ ಬಿಡಿಸಿ ಹೇಳಿದ್ದಳು: “ನಾಲ್ಕನೇ ಮಹಡಿಯ ವಾಚ್ ರಿಪೇರಿ ತಾತ ಬರಲ್ವಂತೆ ಕಣೇ. ಹೆಂಡತಿ ತೀರಿಕೊಂಡ ಮೇಲೆ ಎರಡು ವರ್ಷದಿಂದ ಹಬ್ಬಕ್ಕೇ ಇಳಿದಿಲ್ಲ. ಬೇಜಾರು ಮಾಡ್ಕೋಬೇಡ.”

ಪಟಾಕಿ ಮೆಟ್ಟಿಲು ಹಾರಿ ಹಾರಿ ಹೋದಳು. ಮೊದಲ ಮಹಡಿಯ ಟೀಚರ್ ಅವಳ ಮಾತು ಕೇಳಿ ಕಿಸಕ್ಕನೆ ನಕ್ಕರು. ಎರಡನೇ ಮಹಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರನೇ ಮಹಡಿಯ ಬಸ್ ಡ್ರೈವರ್ ಅಂಕಲ್ ತಮ್ಮ ಬೂಟು ತೋರಿಸಿದರು, ಆಮೇಲೆ ಬಾಯಿ ತೋರಿಸಿದರು.

ಅಯ್ಯೋ! ಅವರ ಭಾಷೆಯಲ್ಲೂ ಆ ಎರಡು ಪದ ನಮ್ಮ ಊಟ, ಬೂಟುಗಳ ಹಾಗೇ ಒಂದಕ್ಕೊಂದು ಹೋಲುತ್ತಿದ್ದವು. ಅವಳು ಎಲ್ಲರಿಗೂ ‘ಬೂಟು ರೆಡಿ, ಬನ್ನಿ’ ಎಂದು ಹೇಳಿಕೊಂಡು ಬಂದಿದ್ದಳು!

ಕಿವಿ ಬಿಸಿಯಾಯಿತು. ಮೆಟ್ಟಿಲ ಮೇಲೆ ಕುಕ್ಕರಿಸಿದಳು. ವಾಪಸ್ ಹೋಗಿಬಿಡಲೇ? ಹೇಗೂ ತಾತ ಬರಲ್ಲವಲ್ಲ. ಆದರೆ ಕರೆಯದೇ ‘ಬರಲಿಲ್ಲ’ ಅನ್ನೋದು ಹೇಗೆ?

ಸರಿಯಾದ ಪದವನ್ನು ಗುಣುಗುಣು ಬಾಯಿಪಾಠ ಮಾಡುತ್ತಾ ಹತ್ತಿದಳು. ಬಾಗಿಲು ತಟ್ಟಿದಳು. ತಾತನ ಬಿಗಿದ ಮುಖ ಕಂಡದ್ದೇ ತಡ, ಬಾಯಿಪಾಠವೆಲ್ಲ ಹಾರಿಹೋಯಿತು.

“ಬೂಟು ರೆಡಿ, ಬನ್ನಿ!”

ತಾತ ತಮ್ಮ ಕಾಲು ನೋಡಿಕೊಂಡರು. ಸವೆದ ಚಪ್ಪಲಿ. ತಟ್ಟನೆ ತಿರುಗಿ ಒಳಗೆ ಹೋದರು. ಸಿಟ್ಟು ಬಂತೇನೋ! ಪಟಾಕಿ ಒಂದು ಹೆಜ್ಜೆ ಹಿಂದೆ ಸರಿದಳು.

ತಾತ ಹೊರಬಂದಾಗ ಕೈಯಲ್ಲಿ ಕಪ್ಪು ಬೂಟುಗಳಿದ್ದವು. ಉಫ್ ಎಂದು ಧೂಳು ಊದಿ, ಸ್ಟೂಲ್ ಮೇಲೆ ಕೂತು ಹಾಕಿಕೊಂಡರು. ಲೇಸ್ ಕಟ್ಟಲು ಬಗ್ಗಿದರೆ ಸೊಂಟ ಕೇಳಲಿಲ್ಲ. ಪಟಾಕಿ ಮಂಡಿಯೂರಿ ಎರಡನ್ನೂ ಬಿಗಿಯಾಗಿ ಕಟ್ಟಿದಳು.

“ಬೂಟು ರೆಡಿ,” ಎಂದು ತಾತ ತಮ್ಮ ಭಾಷೆಯಲ್ಲಿ ಹೇಳಿ ಮೀಸೆಯಲ್ಲೇ ನಕ್ಕರು.

ಇಬ್ಬರೂ ಇಳಿದು ಬಂದಾಗ ಅಂಗಳದವರೆಲ್ಲ ತಿರುಗಿ ನೋಡಿದರು. ಬೇಕರಿ ಅಜ್ಜಿ ಬ್ರೆಡ್ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿಬಂದು ಕುರ್ಚಿ ಎಳೆದರು. ಆಮೇಲೆ ಶುರು ನೋಡಿ! ಚಪ್ಪಾಳೆ, ಹಾಡು, ತಟ್ಟೆಗಳ ಟಣಟಣ, ಎಲ್ಲರದೂ ಒಟ್ಟಿಗೇ ಮಾತು.

ತಾತ ಮಾತ್ರ ಯಾರ ಕಡೆ ನೋಡಬೇಕೋ ತಿಳಿಯದೆ ತಟ್ಟೆಯನ್ನೇ ನೋಡುತ್ತಿದ್ದರು. ಪಟಾಕಿಗೆ ಆ ಮುಖ ಚೆನ್ನಾಗಿ ಗೊತ್ತಿತ್ತು. ಸ್ಕೂಲಿನ ಮೊದಲ ದಿನ, ಊಟದ ಹಾಲ್‌ನಲ್ಲಿ ಅವಳೂ ಹೀಗೇ ಕೂತಿದ್ದಳು.

“ಪಟಾಕೀ, ಇಲ್ಲಿ ಬಾರೇ! ಜಾಗ ಹಿಡಿದಿದ್ದೀನಿ!” ಅಮ್ಮ ಆ ತುದಿಯಿಂದ ಕೂಗಿದಳು.

“ನಾನು ಇಲ್ಲೇ ಕೂರ್ತೀನಮ್ಮಾ,” ಎಂದು ಪಟಾಕಿ ಒಂದು ಕುರ್ಚಿಯನ್ನು ತಾತನ ಪಕ್ಕಕ್ಕೆ ಎಳೆದುಕೊಂಡಳು.