ನೆಟ್ಟಗಿದ್ದ ಕೊಕ್ಕೆ

ಅಕ್ಟೋಬರ್ ಹದಿನೆಂಟು, ಶುಕ್ರವಾರ, ಬೆಳಿಗ್ಗೆ 9.10. ನಾರ್ಫೋಕ್ ಸೀಮೆಯ ಆ ಪುಟ್ಟ ಠಾಣೆಗೆ ದೂರು ಬಂತು. ಹಳ್ಳಿಯ ಸಭಾಭವನದ ಗಾಜಿನ ಪೆಟ್ಟಿಗೆಯಿಂದ ಹಳೆಯ ಸೈನಿಕ ಸಮವಸ್ತ್ರದ ಹನ್ನೊಂದು ಹಿತ್ತಾಳೆ ಗುಂಡಿಗಳು ಕಳುವಾಗಿದ್ದವು. ಬೀಗ ಮಾತ್ರ ಮುರಿದಿರಲಿಲ್ಲ. ದೂರಿನ ಶಾಯಿ ಆರುವ ಮೊದಲೇ ರೈತ ಥರ್ಟಲ್ ಕರೆ ಮಾಡಿದ. ಅವನ ಹುಲ್ಲುಗಾವಲನ್ನು ಯಾರೋ ಕೇಳದೆ ಅಗೆದಿದ್ದರು. ಎಷ್ಟು ಕಡೆ? ಹನ್ನೊಂದು ಕಡೆ.

ಇನ್‌ಸ್ಪೆಕ್ಟರ್ ಮಾಡ್ಜ್ ಗಾಟ್ಸ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಭಾನುವಾರ ಹತ್ತಕ್ಕೆ ಅದೇ ಹುಲ್ಲುಗಾವಲಿಗೆ ನೆಲದಡಿಯ ಹಳೇ ವಸ್ತು ಹುಡುಕುವ ಹವ್ಯಾಸಿ ಸಂಘದ ನಲವತ್ತು ಮಂದಿ ಲೋಹಶೋಧಕ ಯಂತ್ರ ಹಿಡಿದು ಇಳಿಯುವವರಿದ್ದರು. ಆಮೇಲೆ ಸಾಕ್ಷಿ ಯಾರ ಜೇಬು ಸೇರುತ್ತದೋ ದೇವರೇ ಬಲ್ಲ.

11.40ಕ್ಕೆ ಸ್ಥಳ ಪರಿಶೀಲನೆ. ಪ್ರತಿ ಕುಳಿಯ ಹುಲ್ಲಿನ ಹೆಂಟೆಯನ್ನು ಮೂರು ಕಡೆ ಕೊಯ್ದು, ಬಾಗಿಲಿನಂತೆ ಮಡಿಸಿ, ಮತ್ತೆ ಮುಚ್ಚಿ ತುಳಿಯಲಾಗಿತ್ತು.

"ಕದ್ರೂ ಕುಳಿ ಮುಚ್ಚೋ ಚಾಳಿ ಬಿಟ್ಟಿಲ್ಲ ನೋಡಿ ಮೇಡಂ, ಸಂಘದವರದೇ ಕೆಲಸ. ಅಗೆದದ್ದನ್ನ ಹೀಗೆ ಮುಚ್ಚೋದು ಅವರ ನಿಯಮ," ಎಂದ ಕಾನ್‌ಸ್ಟೇಬಲ್ ಅಟ್ಟಿಂಗ್.

ಮೊದಲ ಹೆಂಟೆ ಎತ್ತಿದರೆ ಒಳಗೊಂದು ಹಿತ್ತಾಳೆ ಗುಂಡಿ. ಕದ್ದವನು ಹೂತಿಟ್ಟಿದ್ದ.

ಗುಂಡಿ ಗುರುತಿಸಲು ಆ ಸೀಮೆಗೆಲ್ಲ ಸಂಘದ ಸಿರಿಲ್ ಮೇಸ್ ಒಬ್ಬನೇ. ಇನ್ನೂರು ವರ್ಷದ ಹಿಂದೆ ಥರ್ಟಲ್ ಹೊಲದಲ್ಲಿ ದಂಡು ಬೀಡುಬಿಟ್ಟಿತ್ತೆಂದು ನಂಬಿ, ಪಕ್ಕದ ಮನೆಯ ಹೊರೇಸ್ ಲಾರ್ಟರ್ ಜೊತೆ ಮೂವತ್ತು ವರ್ಷ ಹುಡುಕಿದವನು. ಒಂದು ಗುಂಡಿಯೂ ಸಿಕ್ಕಿರಲಿಲ್ಲ. ಈಗ ಕಣ್ಣು ಹೋಗುತ್ತಿತ್ತು. ಭಾನುವಾರದ್ದೇ ಅವನ ಕೊನೆಯ ಹುಡುಕಾಟ.

ಥರ್ಟಲ್ ಹೊಲದ್ದು ಎಂದು ಗಾಟ್ಸ್ ಹೇಳಿದೊಡನೆ ಸಿರಿಲ್ ಕೈ ಚಾಚಿ ಗುಂಡಿ ತೆಗೆದುಕೊಂಡ. ಹೆಬ್ಬೆರಳಿನಿಂದ ಅದರ ಮೇಲೆ ಮೂಡಿದ್ದ ಕಿರೀಟ ಸವರಿದ, ದಳದ ಅಂಕಿ ಸವರಿದ, ಮುಖ ಅರಳಿತು. ಗುಂಡಿ ಮಗುಚಿ, ಬಟ್ಟೆಗೆ ಹೊಲಿಯುವ ಹಿಂಬದಿಯ ಕೊಕ್ಕೆಯನ್ನು ಉಗುರಿನಿಂದ ಮುಟ್ಟಿ ನೋಡಿದ.

"ಕೊಕ್ಕೆ ನೆಟ್ಟಗಿದೆ," ಎಂದ. "ಅದು ಮೊನ್ನೆ ಮೊನ್ನೆವರೆಗೂ ಉತ್ತ ಹೊಲ ತಾಯಿ. ಇನ್ನೂರು ವರ್ಷ ನೇಗಿಲ ಏಟು ತಿಂದಿದ್ರೆ ಕೊಕ್ಕೆ ಮುರೀತಿತ್ತು. ಇದನ್ನ ಯಾರೋ ಈಗ ಹೂತಿಟ್ಟಿದ್ದಾರೆ. ಹೆಂಟೆ ಯಾವ ಕಡೆ ಮಡಿಸಿದ್ರು?"

"ಬಲಕ್ಕೆ."

"ನಾವೆಲ್ಲ ಎಡಕ್ಕೆ ಮಡಿಸ್ತೀವಿ. ಅವನು ಎಡಚ." ಅವನ ಧ್ವನಿ ಇಳಿಯಿತು. ಹೆಸರು ಹೇಳಲಿಲ್ಲ.

ಗಾಟ್ಸ್‌ಗೆ ಹೆಸರು ಹುಡುಕುವುದು ಕಷ್ಟವಾಗಲಿಲ್ಲ. ಸಂಘದಲ್ಲಿ ಎಡಚ ಒಬ್ಬನೇ, ಸಭಾಭವನದ ಬೀಗದ ಕೈ ಇದ್ದವನೂ ಅವನೇ. 4.20ಕ್ಕೆ ಹೊರೇಸ್ ಲಾರ್ಟರ್‌ನನ್ನು ಅವನ ಹಿತ್ತಲ ಶೆಡ್ಡಿನಲ್ಲಿ ಬಂಧಿಸಲಾಯಿತು. ಅವನು ವಾದಿಸಲಿಲ್ಲ.

"ದಂಡಿನ ಕತೆ ನಾನೇ ಕಟ್ಟಿದ್ದು ಮೇಡಂ. ಪಬ್ಬಲ್ಲಿ ಕೂತು, ತಮಾಷೆಗೆ. ಸಿರಿಲ್ ಮಾರನೇ ದಿನವೇ ಯಂತ್ರ ಹೊತ್ಕೊಂಡು ಬಂದ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಮೂವತ್ತು ವರ್ಷ ಆಯ್ತು. ಕಣ್ಣು ಹೋಗೋ ಮುಂಚೆ ಒಂದಾದ್ರೂ ಸಿಗಲಿ ಅಂತ... ಅವನಿಗೆ ಹೇಳ್ಬೇಡಿ."

ಹೇಳಬೇಕಾದ ಕೆಲಸ ಗಾಟ್ಸ್‌ಗೆ ಉಳಿಯಲಿಲ್ಲ. ಸಿರಿಲ್ ಬೇಲಿಯ ಆಚೆ ನಿಂತಿದ್ದ. ಕಣ್ಣು ಮಂದವಾದರೂ ಕಿವಿ ಚುರುಕಾಗಿತ್ತು.

"ಹಾಗಾದ್ರೆ ಅಷ್ಟು ವರ್ಷ ನಾವು ಅಲ್ಲಿ ಏನು ಹುಡುಕ್ತಿದ್ವೋ ಹೊರೇಸ್?"

ಅಟ್ಟಿಂಗ್ ಕಾರಿನ ಬಾಗಿಲು ತೆರೆದ. ಸಂಜೆ ವರದಿಯಲ್ಲಿ ಕೃತ್ಯದ ಕಾರಣ ಬರೆಯುವಲ್ಲಿ ಗಾಟ್ಸ್ ಎರಡು ಸಲ ಬರೆದು ಹೊಡೆದುಹಾಕಿದಳು. ಮೂರನೆಯ ಸಲ 'ಸ್ನೇಹ' ಎಂದಷ್ಟೇ ಬರೆದು ಸಹಿ ಹಾಕಿದಳು.