ಖಾಲಿ ಉಳಿದ ಮೂರನೆಯ ಗೆರೆ

"ಗಂಡನ ಹೆಸರು ಹೇಳ್ರಿ."

ಅನ್ನಪೂರ್ಣಾಳ ಬೆರಳುಗಳು ಸೆರಗಿನ ತುದಿಯನ್ನು ಬಿಗಿಯಾಗಿ ಸುತ್ತಿಕೊಂಡವು.

ಗೋಕಾಕ ಫಾಲ್ಸಿನ ಮಠದ ಪಡಸಾಲೆಯಲ್ಲಿ ಅಂದು ದೊಡ್ಡವರ ಇಂಗ್ಲಿಷ್ ತರಗತಿಗೆ ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದರು. ಮೂಡಲಗಿಯಿಂದ ಬಂದಿದ್ದ ಸೋಮಶೇಖರ ಮಾಸ್ತರ ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು, ಎಷ್ಟು ಓದಲು ಬರುತ್ತದೆ, ಇಂಗ್ಲಿಷ್ ಯಾತಕ್ಕೆ ಬೇಕು ಎಂದು ಕೇಳಿ ಅರ್ಜಿ ತುಂಬುತ್ತಿದ್ದ. ಯಾರಿಗೆ ಏನು ಬೇಕೋ ಅದನ್ನೇ ಮೊದಲು ಕಲಿಸುವುದು ಅವನ ಪದ್ಧತಿ.

"ಹೆಸರು..." ಎಂದು ಅವನು ಮತ್ತೆ ಕೇಳಿದ.

ಹಿಂದೆ ಸಾಲಿನಲ್ಲಿದ್ದ ಲಾರಿ ಡ್ರೈವರ್ ಶೆಟ್ಟೆಪ್ಪ ನಕ್ಕ. "ಏ ಮಾಸ್ತರ, ಹೆಣ್ಣಮಗಳು ಹ್ಯಾಂಗ ಹೇಳ್ತಾಳ್ರಿ? ಬಾಯಾಗ ಹೆಸರು ಬಂದ್ರ ಗಂಡನ ಆಯುಷ್ಯ ಕಡಿಮಿ ಆಗತೈತಂತ! ನಮ್ಮಾಕಿ ಮೂವತ್ತು ವರ್ಷದಿಂದ ನನ್ನ 'ಅಯ್ಯ, ಇಲ್ಲಿ ನೋಡ್ರಿ' ಅಂತಾಳ. ಸಂತ್ಯಾಗ ಕರದ್ರ ಹತ್ತು ಮಂದಿ ಹೊಳ್ಳಿ ನೋಡ್ತಾರ!"

ಎಲ್ಲರೂ ನಕ್ಕರು. ಸೋಮಶೇಖರನೂ ಮುಗುಳ್ನಕ್ಕ. ಅವಳ ಕೈತುಂಬ ಇದ್ದ ಹಸಿರು ಬಳೆಗಳನ್ನು ನೋಡಿ, ಅರ್ಜಿಯ ಮೂರನೆಯ ಗೆರೆಯನ್ನು ಖಾಲಿ ಬಿಟ್ಟ.

ಆಯುಷ್ಯ! ಅನ್ನಪೂರ್ಣಾ ಬಳೆಗಳನ್ನು ಸೆರಗಿನಡಿಗೆ ಸರಿಸಿಕೊಂಡಳು. ಹೆಸರು ಹೇಳಿದರೆ ಅದರ ಮುಂದೆ 'ತೀರಿಕೊಂಡಾರ' ಎಂದೂ ಹೇಳಬೇಕಲ್ಲ... ಇಷ್ಟು ಮಂದಿಯ ನಗುವಿನ ನಡುವೆ ಹೇಗೆ ಹೇಳಲಿ?

"ಇಂಗ್ಲಿಷ್ ಯಾತಕ್ಕ ಬೇಕ್ರಿ?"

"ಒಂದು ದವಾಖಾನಿ ಪೇಪರ್ ಓದಬೇಕ್ರಿ."

"ತೋರಿಸ್ರಿ, ನಾನೇ ಓದಿ ಹೇಳ್ತೇನಿ."

"ಬ್ಯಾಡ್ರಿ!" ದನಿ ಒಮ್ಮೆಲೇ ಏರಿತು. "ನಾನೇ ಓದಬೇಕು."

ಅವನು ಅವಳ ಮುಖವನ್ನು ಒಂದು ಕ್ಷಣ ನೋಡಿದ. ಅರ್ಜಿಯಲ್ಲಿ 'ದವಾಖಾನೆ ಪೇಪರ್' ಎಂದು ಬರೆದುಕೊಂಡ.

ಆ ಪೇಪರ್ ಮೂರು ವರ್ಷಗಳಿಂದ ಅವಳ ಟ್ರಂಕಿನ ತಳದಲ್ಲಿತ್ತು. ಗಂಡ ದವಾಖಾನೆ ಸೇರಿದ ದಿನ ಡಾಕ್ಟರರು ಬರೆದದ್ದು. ಆ ಸಂಜೆಯೇ ಅವನು ಹೋಗಿಬಿಟ್ಟಿದ್ದ. "ಎದಿನೋವು ಅಂದ ಕೂಡಲೆ ಒಯ್ದಿದ್ರ ಉಳೀತಿದ್ದ, ಹೇಣ್ತಿನೇ ತಡಾ ಮಾಡಿದ್ಳು" ಎಂದು ಗಂಡನ ಊರಾದ ದಡ್ಡಿಯ ಬಂಧುಗಳು ಮಣ್ಣು ಮಾಡಿದ ದಿನವೇ ಅಂದಿದ್ದರು. ಅತ್ತೆ ಅಕ್ಕವ್ವ ಮಾತ್ರ ಒಂದು ಮಾತೂ ಅನ್ನದೆ, ಊರು ಬಿಟ್ಟು, ಸೊಸೆಯೊಂದಿಗೆ ಫಾಲ್ಸಿಗೆ ಬಂದಿದ್ದಳು. ಆ ಪೇಪರಿನಲ್ಲೂ ಹಾಗೆಯೇ ಬರೆದಿದ್ದರೆ? ಅತ್ತೆಗೆ ಗೊತ್ತಾದರೆ?

ಸೋಮಶೇಖರ ಅವಳಿಗೆ ಬೇರೆಯೇ ಪಾಠ ಮಾಡಿದ. ನೋವು, ಎದೆ, ಜ್ವರ, ದಿನ, ಗಂಟೆ, ಹೆಂಡತಿ, ತಾಯಿ... ದವಾಖಾನೆಯವರು ಬರೆಯುವ ಶಬ್ದಗಳೇ ಎಲ್ಲ. ಹಾಸ್ಟೆಲಿನ ಅಡುಗೆ ಕೆಲಸ ಮುಗಿಸಿ ಓಡಿ ಬರುವ ಅವಳಿಗಾಗಿ ಪಾಠ ನಿಲ್ಲಿಸಿ ಕಾಯುತ್ತಿದ್ದ. ಅವಳು ಒಂದು ಸಾಲು ತಪ್ಪಿಲ್ಲದೆ ಓದಿದರೆ ಅವನ ಕಣ್ಣು ಅರಳುತ್ತಿತ್ತು. ಅವಳಿಗೂ ತಿಳಿಯುತ್ತಿತ್ತು... ತಿಳಿದು ಹೆದರುತ್ತಿದ್ದಳು.

ಎರಡು ತಿಂಗಳಾದ ಮೇಲೆ ಒಂದು ದಿನ ಅವನು ತಲೆ ಎತ್ತದೆ ಹೇಳಿದ, "ನಾಳಿಂದ ನೀವು ಆಚಿ ಕ್ಲಾಸಿನ ಶಿವಾನಿ ಮೇಡಂ ಕಡೆ ಕೂಡ್ರಿ."

"ನಾ ಏನು ತಪ್ಪು ಮಾಡಿದ್ನಿರಿ?"

"ಏನೂ ಇಲ್ರಿ. ಹೋಗ್ರಿ."

ಯಾರೋ ಹೇಳಿರಬೇಕು! ಗಂಡ ಸತ್ತವಳೆಂದು ತಿಳಿದೇ ದೂರ ಮಾಡಿದ... ಅವಳು ಮರುದಿನ ತರಗತಿಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಊಟ ಸೇರಲಿಲ್ಲ.

ಮೂರನೆಯ ದಿನ ಅಕ್ಕವ್ವ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಸೊಸೆಯ ಕೈ ಹಿಡಿದು ಮಠಕ್ಕೆ ಹೊರಟಳು. ಮನೆ ಬಿಡುವ ಮುನ್ನ ಅನ್ನಪೂರ್ಣಾ ಟ್ರಂಕು ತೆರೆದಳು. ಇನ್ನು ಕಲಿಸುವವರಿಲ್ಲ, ಬಂದದ್ದರಲ್ಲೇ ಓದಿ ಮುಗಿಸಿಬಿಡೋಣ ಎಂದು ಆ ಪೇಪರನ್ನು ಚೀಲಕ್ಕೆ ಹಾಕಿಕೊಂಡಳು.

"ಮಾಸ್ತರ, ನಮ್ಮ ಹುಡಿಗಿ ಏನು ಮಾಡ್ಯಾಳಂತ ಹೊರಗ ಹಾಕಿದಿ?" ಪಡಸಾಲೆಯಲ್ಲಿ ಅಕ್ಕವ್ವನ ದನಿ ಗಡುಸಾಗಿತ್ತು.

ಸೋಮಶೇಖರ ಎದ್ದು ನಿಂತ. ಮುಖ ಬಿಳಿಚಿಕೊಂಡಿತ್ತು. "ತಪ್ಪು ಅವರದಲ್ರಿ ಅವ್ವಾರ, ನಂದು. ಗಂಡ ಇದ್ದ ಹೆಣ್ಣಮಗಳ ಮ್ಯಾಲೆ ನನ್ನ ಮನಸ್ಸು... ಅದಕ್ಕ ದೂರ ಮಾಡಿದೆ. ಬೈರಿ ನನ್ನ."

"ಗಂಡ?" ಅಕ್ಕವ್ವ ಸೊಸೆಯನ್ನು ನೋಡಿದಳು. "ನನ್ನ ಮಗ ಲಿಂಗೈಕ್ಯ ಆಗಿ ಮೂರು ವರ್ಷ ಆತೋ ತಮ್ಮಾ! ಬಳಿ ಒಡಿಯಾಕ ಬಂದವರನ್ನ ನಾನೇ ಹೊಳ್ಳಿಸಿ ಕಳಿಸೇನಿ. ಈ ಬಳಿ ನಾ ತೊಡಿಸಿದ್ದು."

ಅವನು ಹಾಗೇ ಕುಳಿತುಬಿಟ್ಟ.

ಅನ್ನಪೂರ್ಣಾಳ ಕಣ್ಣು ತುಂಬಿತು. ಆದರೂ ಮನಸ್ಸು ಹಗುರಾಗಲಿಲ್ಲ. ಚೀಲದಿಂದ ಪೇಪರ್ ತೆಗೆದಳು. "ಅತ್ತಿ... ಮೊದಲ ಇದನ್ನ ಕೇಳ್ರಿ. ಕೇಳಿದ ಮ್ಯಾಲೆ ನನ್ನ ಸೊಸಿ ಅಂತೀರೋ ಇಲ್ಲೋ ನೋಡೂಣು."

ಬೆರಳಿಟ್ಟು ಒಂದೊಂದೇ ಶಬ್ದ ಓದಿದಳು.

"ಚೆಸ್ಟ್ ಪೇನ್... ಎದಿನೋವು. ಟೂ ಡೇಸ್... ಎರಡು ದಿನದಿಂದ."

ಎರಡು ದಿನ! ತನಗೆ ತಿಳಿದದ್ದು ಅವನನ್ನು ದವಾಖಾನೆಗೆ ಒಯ್ದ ದಿನ ಬೆಳಿಗ್ಗೆಯಷ್ಟೇ. ತಾನು ಕಾಣದೆಹೋದೆನೇ?

"ಮುಂದ ಓದ್ರಿ," ಸೋಮಶೇಖರ ಮೆಲ್ಲಗೆ ಅಂದ. "ನಿಮಗ ಬರತೈತಿ."

"ಪೇಷಂಟ್ ಸೇಸ್... ರೋಗಿ ಹೇಳ್ತಾರ... ಡಿಡ್ ನಾಟ್ ಟೆಲ್... ವೈಫ್ ಆರ್ ಮದರ್."

ಬೆರಳು ಅಲ್ಲೇ ನಿಂತಿತು.

"ಹಂಗಂದ್ರ?" ಅಕ್ಕವ್ವ ಕೇಳಿದಳು.

"ಹೇಣ್ತಿಗೂ ಹೇಳಿಲ್ಲ... ಅವ್ವಗೂ ಹೇಳಿಲ್ಲ... ಅಂತ ಅವರೇ ಹೇಳ್ಯಾರತ್ತಿ!"

ಅಕ್ಕವ್ವ ಕೊರಳ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡಳು. "ಸಣ್ಣವ ಇದ್ದಾಗಿಂದ ಹಂಗ ಅವ. ಮುಳ್ಳು ಚುಚ್ಚಿದ್ರೂ ಹೇಳ್ತಿದ್ದಿಲ್ಲ. ನೀ ಇದನ್ನ ಮೂರು ವರ್ಷ ಒಬ್ಬಾಕಿನೇ ಹೊತ್ತಿಯೇನ ಮಗಳ?"

ಅತ್ತೆಯ ತೋಳಿನಲ್ಲಿ ಅನ್ನಪೂರ್ಣಾ ಬಿಕ್ಕಿ ಬಿಕ್ಕಿ ಅತ್ತಳು.

ಅಳು ನಿಂತ ಮೇಲೆ ತಾನಾಗಿಯೇ ಹೇಳಿದಳು, "ಮಾಸ್ತರ, ನನ್ನ ಅರ್ಜಿ ಕೊಡ್ರಿ."

ಮೂರನೆಯ ಗೆರೆಯ ಮೇಲೆ ಬರೆದಳು. ಬರೆಯುತ್ತಾ ಮೊದಲ ಸಲ ಬಾಯಿಬಿಟ್ಟು ಅಂದಳು, "ಪ್ರಭು... ಅವರ ಹೆಸರು ಪ್ರಭು."

ಅಕ್ಕವ್ವ ಕಣ್ಣೊರೆಸಿಕೊಂಡು ಎದ್ದಳು. "ನಾ ಗದ್ದಿಗಿಗೆ ಕೈಮುಗದು ಬರ್ತೇನಿ. ಮಾತಾಡೂದಿದ್ರ ಮಾತಾಡ್ರಿ. ನನ್ನ ಕೇಳಿದ್ರ, ನಾ ಒಲ್ಲೆ ಅನ್ನಾಂಗಿಲ್ಲ."

ಸೋಮಶೇಖರ ಅರ್ಜಿಯನ್ನೇ ನೋಡುತ್ತಿದ್ದ. "ಮತ್ತ ನನ್ನ ಕ್ಲಾಸಿಗೆ ಬರ್ತೀರಿ?"

"ಬರ್ತೇನ್ರಿ. ಆದ್ರ ಮುಂದಿನ ವರ್ಷದ ಅರ್ಜಿಯೊಳಗ ಗಂಡನ ಹೆಸರು ಕೇಳಿದ್ರ ನಾ ಹೇಳಾಂಗಿಲ್ಲ."

"ಯಾಕ್ರಿ?"

ಅನ್ನಪೂರ್ಣಾ ತಲೆ ತಗ್ಗಿಸಿದಳು. ಬಳೆಗಳು ಮೆಲ್ಲಗೆ ಸದ್ದು ಮಾಡಿದವು.

"ಎದುರಿಗೆ ಕುಂತವರ ಹೆಸರು ಹ್ಯಾಂಗ ಹೇಳಲ್ರಿ? ಅವರ ಆಯುಷ್ಯ ನನಗ ಬೇಕಲ್ಲ..."